ಲಿನಕ್ಸ್‌ನಲ್ಲಿ ಜುಪಿಟರ್ ನೋಟ್‌ಬುಕ್: ಪ್ಯಾಕೇಜ್ ಕಟ್ಟುವುದು, ಕೈಕೊಟ್ಟಾಗ ಕಾರಣ ಹುಡುಕುವುದು

ಲಿನಕ್ಸ್ ಕಂಪ್ಯೂಟರಿನಲ್ಲಿ ಜುಪಿಟರ್ ನೋಟ್‌ಬುಕ್ (ಬ್ರೌಸರಿನಲ್ಲೇ ಪೈಥಾನ್ ಭಾಷೆಯ ಕೋಡ್ ಬರೆದು ನಡೆಸುವ ತಂತ್ರಾಂಶ) ಓಡಿಸುವುದು ದೊಡ್ಡ ಕೆಲಸವಲ್ಲ. ಅದನ್ನೇ ಇನ್ನೊಬ್ಬರ ಕಂಪ್ಯೂಟರಿನಲ್ಲಿ, ಮೆನುವಿನ ಐಕಾನ್ ಒತ್ತಿದ ಕೂಡಲೇ ತೆರೆದುಕೊಳ್ಳುವಂತೆ ಮಾಡಿಕೊಡಲು ಹೊರಟಾಗ ತಲೆನೋವು ಶುರುವಾಗುತ್ತದೆ. ನಿಮ್ಮಲ್ಲಿ ಸರಾಗವಾಗಿ ಓಡಿದ್ದು ಅಲ್ಲಿ ಮುಷ್ಕರ ಹೂಡುತ್ತದೆ. ಇಂಥ ತಕರಾರುಗಳಲ್ಲಿ ಬಹುಪಾಲಿನ ಮೂಲ ಒಂದೇ: ಯಾವ ಫೋಲ್ಡರಿನ ಪೈಥಾನ್ ಓಡುತ್ತಿದೆ ಎಂಬುದು ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ.

ನೋಟ್‌ಬುಕ್ ಒಂದೇ ತಂತ್ರಾಂಶವಲ್ಲ. ಕಣ್ಣಿಗೆ ಕಾಣುವುದು ಬ್ರೌಸರ್. ಅದರ ಹಿಂದೆ ಸಾಮಾನ್ಯವಾಗಿ 8888ನೇ ಪೋರ್ಟಿನಲ್ಲಿ ಕಾಯುವ ಸರ್ವರ್. ಅದಕ್ಕೂ ಹಿಂದೆ, ನೀವು ಬರೆದ ಕೋಡನ್ನು ನಿಜವಾಗಿ ನಡೆಸುವ ಕರ್ನಲ್ (ಲಿನಕ್ಸ್‌ನ ಕರ್ನಲ್‌ಗೂ ಇದಕ್ಕೂ ಹೆಸರಷ್ಟೇ ಸಮಾನ). ಸರ್ವರ್ ಒಂದು ಪೈಥಾನ್‌ನಲ್ಲಿ, ಕರ್ನಲ್ ಇನ್ನೊಂದರಲ್ಲಿ ಓಡಬಹುದು. ಈ ಸ್ವಾತಂತ್ರ್ಯವೇ ಜುಪಿಟರ್‌ನ ಶಕ್ತಿ. ಗೊಂದಲದ ತವರೂ ಅದೇ.

ಮುಂದಿನ ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ಜಾಗ ಗೊತ್ತುಮಾಡಿ

ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಈಚೆಗೆ, ವ್ಯವಸ್ಥೆಯ ಪೈಥಾನ್‌ಗೆ ಪಿಪ್ (ಪೈಥಾನ್ ಲೈಬ್ರರಿಗಳನ್ನು ಹಾಕುವ ಸಾಧನ) ಮೂಲಕ ಏನನ್ನಾದರೂ ಸೇರಿಸಲು ಹೋದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂಬ ದೋಷ ಬರುತ್ತದೆ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಯ್ಕೆ ಸೇರಿಸಿದರೆ ಆ ತಡೆಯನ್ನು ದಾಟಬಹುದು. ಆದರೆ ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿಯುತ್ತೇನೆ ಎಂದು ಹೆಸರಿನಲ್ಲೇ ಸಾರುವ ಆಯ್ಕೆಯನ್ನು ಬೇರೆಯವರ ಕಂಪ್ಯೂಟರಿನಲ್ಲಿ ಬಳಸುವುದು ಸಭ್ಯತೆಯಲ್ಲ. ವೆನ್ವ್ ಎಂಬ ಪ್ರತ್ಯೇಕ ಪರಿಸರ (ತನ್ನದೇ ಲೈಬ್ರರಿಗಳಿರುವ ಫೋಲ್ಡರ್) ಮಾಡಿಕೊಳ್ಳಿ. ಡೆಬಿಯನ್ ಬಳಗದಲ್ಲಿ ಅದಕ್ಕೆ ‘ಪೈಥಾನ್3-ವೆನ್ವ್’ ಪ್ಯಾಕೇಜ್ ಬೇಕು.

ಇಲ್ಲೊಂದು ಎಚ್ಚರ. ವೆನ್ವ್ ಅನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಕಟ್ಟಿ, ಆಮೇಲೆ ಬೇರೆ ಕಡೆಗೆ ನಕಲು ಮಾಡಿದರೆ ನಡೆಯುವುದಿಲ್ಲ. ಅದರ ‘ಬಿನ್’ ಫೋಲ್ಡರಿನಲ್ಲಿರುವ ಜುಪಿಟರ್ ಕಡತವನ್ನು ಪಠ್ಯ ಸಂಪಾದಕದಲ್ಲಿ ತೆರೆದು ನೋಡಿ: ಮೊದಲ ಸಾಲಿನಲ್ಲೇ ಪೈಥಾನ್‌ನ ಪೂರ್ತಿ ವಿಳಾಸ ಅಚ್ಚಾಗಿರುತ್ತದೆ. ಆದ್ದರಿಂದ ಕೊನೆಗೆ ಎಲ್ಲಿ ನೆಲೆಸಬೇಕೋ ಅಲ್ಲೇ, ಉದಾಹರಣೆಗೆ ‘/ಆಪ್ಟ್/ನೋಟ್‌ಬುಕ್’ನಲ್ಲೇ, ಆರಂಭದಿಂದ ಕಟ್ಟಿ.

ಕರ್ನಲ್‌ನ ಗುರುತುಚೀಟಿ

ಒಂದೊಂದು ಕರ್ನಲ್‌ಗೂ ‘ಕರ್ನಲ್ ಡಾಟ್ ಜೇಸನ್’ ಎಂಬ ಪುಟ್ಟ ಕಡತವಿರುತ್ತದೆ. ಅದರಲ್ಲಿ ‘ಆರ್ಗ್‌ವಿ’ ಎಂಬ ಪಟ್ಟಿ. ಪಟ್ಟಿಯ ಮೊದಲ ಪದವೇ ಓಡಿಸಬೇಕಾದ ಪೈಥಾನ್. ಅಲ್ಲಿ ಬರೀ ‘ಪೈಥಾನ್’ ಎಂದಿದ್ದರೆ ಜುಪಿಟರ್ ತನ್ನನ್ನು ಓಡಿಸುತ್ತಿರುವ ಪೈಥಾನನ್ನೇ ಬಳಸುತ್ತದೆ. ಪೂರ್ತಿ ವಿಳಾಸವಿದ್ದರೆ ಆ ವಿಳಾಸಕ್ಕೇ ಹೋಗುತ್ತದೆ, ಅಲ್ಲಿ ಈಗ ಏನೂ ಉಳಿದಿಲ್ಲದಿದ್ದರೂ ಸರಿ. ವೆನ್ವ್ ಒಳಗೆ ಐಪೈಕರ್ನಲ್ (ಜುಪಿಟರ್‌ನ ಪೈಥಾನ್ ಕರ್ನಲ್) ಹಾಕಿದಾಗ ತಾನಾಗಿ ಬರುವ ಕಡತ ಮೊದಲ ಬಗೆಯದು. ‘ಐಪೈಕರ್ನಲ್ ಇನ್‌ಸ್ಟಾಲ್ --ಯೂಸರ್’ ಎಂದು ಕೊಟ್ಟಾಗ ಹೋಮ್ ಫೋಲ್ಡರಿನಲ್ಲಿ ಹುಟ್ಟುವುದು ಎರಡನೆಯ ಬಗೆಯದು.

ಪ್ಯಾಕೇಜ್ ಕಟ್ಟುವವರನ್ನು ಸತಾಯಿಸುವ ಸೂಕ್ಷ್ಮ ಇರುವುದು ಹುಡುಕಾಟದ ಕ್ರಮದಲ್ಲಿ. ನಿಮ್ಮ ವೆನ್ವ್ ರೂಟ್ ಬಳಕೆದಾರನ (ಇಡೀ ವ್ಯವಸ್ಥೆಯ ಮೇಲ್ವಿಚಾರಕನ) ಒಡೆತನದಲ್ಲಿದ್ದರೆ, ಜುಪಿಟರ್ ಮೊದಲು ಬಳಕೆದಾರರ ಹೋಮ್ ಫೋಲ್ಡರಿನಲ್ಲಿರುವ ಕರ್ನಲ್‌ಗಳನ್ನು ನೋಡುತ್ತದೆ, ಆಮೇಲೆ ನಿಮ್ಮದನ್ನು. ಅಲ್ಲಿ ಹಿಂದೆಂದೋ ಹಾಕಿಟ್ಟ ‘ಪೈಥಾನ್3’ ಹೆಸರಿನ ಕರ್ನಲ್ ಇದ್ದರೆ ನಿಮ್ಮ ಅಚ್ಚುಕಟ್ಟಾದ ಪ್ಯಾಕೇಜ್ ಮೂಲೆಗೆ ಸರಿಯುತ್ತದೆ. ಪ್ಯಾಕೇಜಿನ ಚಾಲನಾ ಸ್ಕ್ರಿಪ್ಟಿನಲ್ಲಿ ‘ಜುಪಿಟರ್_ಪ್ರಿಫರ್_ಎನ್ವ್_ಪಾತ್’ ಎಂಬ ಚಲಕವನ್ನು (ದೊಡ್ಡಕ್ಷರಗಳಲ್ಲಿ) 1 ಮಾಡಿದರೆ ಸರದಿ ಬದಲಾಗುತ್ತದೆ.

ಐಕಾನ್ ಮತ್ತು ಪೊಟ್ಟಣ

ಮೆನುವಿನಲ್ಲಿ ಕಾಣಿಸಲು ‘ಡಾಟ್ ಡೆಸ್ಕ್‌ಟಾಪ್’ ಕಡತ ಬೇಕು. ಅದರ ‘ಎಕ್ಸೆಕ್’ ಸಾಲಿನಲ್ಲಿ ಪೂರ್ತಿ ವಿಳಾಸವನ್ನೇ ಬರೆಯಿರಿ. ಮೆನುವಿನಿಂದ ಓಡುವ ಪ್ರೋಗ್ರಾಂಗಳು ಬ್ಯಾಷ್‌ನ ‘ಡಾಟ್ ಬ್ಯಾಷ್‌ಆರ್‌ಸಿ’ ಕಡತವನ್ನು (ಟರ್ಮಿನಲ್ ತೆರೆದಾಗ ಓದಲಾಗುವ ಸಿದ್ಧತೆಗಳು) ಓದುವುದಿಲ್ಲ; ಟರ್ಮಿನಲ್‌ನಲ್ಲಿ ತೆರೆದದ್ದು ಐಕಾನ್ ಒತ್ತಿದರೆ ತೆರೆಯದಿರಲು ಇದು ಸಾಮಾನ್ಯ ಕಾರಣ. ‘ಟರ್ಮಿನಲ್’ ಆಯ್ಕೆಯನ್ನು ‘ಟ್ರೂ’ ಎಂದೇ ಬಿಡುವುದು ನನ್ನ ಸಲಹೆ. ನೋಡಲು ಚೆಂದವಿಲ್ಲ, ನಿಜ. ಆದರೆ ಬ್ರೌಸರ್ ಟ್ಯಾಬ್ ಮುಚ್ಚಿದ ಮಾತ್ರಕ್ಕೆ ಸರ್ವರ್ ನಿಲ್ಲುವುದಿಲ್ಲ. ಟರ್ಮಿನಲ್ ಕಾಣದಿದ್ದರೆ ಬಳಕೆದಾರರು ಐಕಾನ್ ಒತ್ತಿದಾಗಲೆಲ್ಲ 8889, 8890 ಎಂದು ಹೊಸ ಸರ್ವರ್‌ಗಳು ಹಿಂಬದಿಯಲ್ಲಿ ಸಾಲುಗಟ್ಟುತ್ತವೆ.

ಆ್ಯಪ್‌ಇಮೇಜ್ ಮಾಡಿದರೆ ಒಂದೇ ಕಡತದಲ್ಲಿ ಎಲ್ಲವೂ ಹಿಡಿಯುತ್ತದೆ ಎಂಬ ಆಸೆ ಸಹಜ. ನೋಟ್‌ಬುಕ್‌ಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಅದರ ಒಳಭಾಗ ಓದಲಷ್ಟೇ ಮುಕ್ತ, ಹಾಗಾಗಿ ಹೊಸ ಲೈಬ್ರರಿ ಸೇರಿಸಲಾಗದು. ಪ್ರತಿ ಸಲವೂ ‘/ಟೆಂಪ್’ ಒಳಗೆ ಹೊಸ ಹೆಸರಿನಲ್ಲಿ ಮೌಂಟ್ ಆಗುವುದರಿಂದ (ಫೋಲ್ಡರಿನಂತೆ ಜೋಡಣೆಯಾಗುವುದರಿಂದ) ಪೂರ್ತಿ ವಿಳಾಸ ನೆಚ್ಚಿಕೊಂಡ ಕರ್ನಲ್ ಮುಂದಿನ ಸಲಕ್ಕೆ ದಿಕ್ಕು ತಪ್ಪುತ್ತದೆ. ಡೆಬ್ (ಡೆಬಿಯನ್ ಬಳಗದ) ಅಥವಾ ಆರ್‌ಪಿಎಂ (ಫೆಡೋರಾ ಬಳಗದ) ಪ್ಯಾಕೇಜೇ ವಾಸಿ. ಡೆಬ್ ಆದರೆ ಅವಲಂಬನೆಯ ಸಾಲಿನಲ್ಲಿ ಪೈಥಾನ್ ಆವೃತ್ತಿಗೆ ಮೇಲಿನ ಮಿತಿಯನ್ನೂ ಹಾಕಿ: 3.11ರಲ್ಲಿ ಕಟ್ಟಿದ್ದಾದರೆ 3.12ಕ್ಕಿಂತ ಕಡಿಮೆ ಇರಬೇಕು ಎಂದು. ಕಾರಣ, ಲೈಬ್ರರಿಗಳು ಕೂರುವುದು ಆವೃತ್ತಿಯ ಹೆಸರಿರುವ ಫೋಲ್ಡರಿನಲ್ಲಿ. ವ್ಯವಸ್ಥೆಯ ಪೈಥಾನ್ ಮೇಲಕ್ಕೇರಿದರೆ ಅವು ಅದರ ಕಣ್ಣಿಗೆ ಬೀಳುವುದಿಲ್ಲ. ಸಿ ಭಾಷೆಯ ಭಾಗಗಳನ್ನು ನೀವೇ ಕಂಪೈಲ್ ಮಾಡುವುದಿದ್ದರೆ, ಬೆಂಬಲಿಸಬೇಕಾದ ಅತ್ಯಂತ ಹಳೆಯ ಲಿನಕ್ಸ್ ಆವೃತ್ತಿಯಲ್ಲಿ ಮಾಡಿ. ಹೊಸ ಜಿಲಿಬ್‌ಸಿಯ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಭರವಸೆಯಿಲ್ಲ.

ಕೈಕೊಟ್ಟಾಗ

ಐಕಾನ್ ಒತ್ತಿದೊಡನೆ ಫೈರ್‌ಫಾಕ್ಸ್ ತೆರೆದು ‘ಕಡತಕ್ಕೆ ಪ್ರವೇಶ ನಿರಾಕರಿಸಲಾಗಿದೆ’ ಎಂದರೆ ಸರ್ವರ್ ಆರೋಗ್ಯವಾಗಿದೆ ಎಂದರ್ಥ. ಜುಪಿಟರ್ ಹೋಮ್ ಫೋಲ್ಡರಿನ ‘ಡಾಟ್ ಲೋಕಲ್’ ಒಳಗೆ ಒಂದು ಸಣ್ಣ ಎಚ್‌ಟಿಎಂಎಲ್ ಕಡತ ಬರೆದು, ಅದನ್ನು ತೆರೆಯುವಂತೆ ಬ್ರೌಸರಿಗೆ ಹೇಳುತ್ತದೆ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ರೂಪದಲ್ಲಿ (ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿ ಓಡಿಸುವ ಪ್ಯಾಕೇಜ್). ಸ್ನ್ಯಾಪ್‌ಗೆ ಚುಕ್ಕೆಯಿಂದ ಆರಂಭವಾಗುವ ಅಡಗಿದ ಫೋಲ್ಡರುಗಳ ಒಳಗೆ ಇಣುಕಲು ಅನುಮತಿಯಿಲ್ಲ. ಜುಪಿಟರ್‌ನ ಸಂರಚನಾ ಕಡತದಲ್ಲಿ ‘ಸರ್ವರ್‌ಆ್ಯಪ್’ನ ‘ಯೂಸ್_ರೀಡೈರೆಕ್ಟ್_ಫೈಲ್’ ಆಯ್ಕೆಯನ್ನು ‘ಫಾಲ್ಸ್’ ಮಾಡಿ. ಇದನ್ನು ಪ್ಯಾಕೇಜಿನಲ್ಲೇ ಸೇರಿಸಿಬಿಟ್ಟರೆ ಎಷ್ಟೋ ದೂರುಗಳು ಹುಟ್ಟುವುದೇ ಇಲ್ಲ.

ಹಾಕಿದ ಲೈಬ್ರರಿ ಸಿಗುತ್ತಿಲ್ಲ ಎಂಬ ದೋಷ ಬಂದರೆ, ನೋಟ್‌ಬುಕ್‌ನ ಸೆಲ್ಲಿನಲ್ಲಿ (ಕೋಡ್ ಬರೆಯುವ ಪೆಟ್ಟಿಗೆಯಲ್ಲಿ) ‘ಸಿಸ್’ ಮಾಡ್ಯೂಲನ್ನು ಆಮದು ಮಾಡಿಕೊಂಡು ‘ಸಿಸ್ ಡಾಟ್ ಎಕ್ಸಿಕ್ಯೂಟಬಲ್’ ಮುದ್ರಿಸಿ. ತೋರಿದ ವಿಳಾಸ ನೀವೆಣಿಸಿದ್ದಲ್ಲದಿದ್ದರೆ ‘ಜುಪಿಟರ್ ಕರ್ನಲ್‌ಸ್ಪೆಕ್ ಲಿಸ್ಟ್’ ಕೊಟ್ಟು, ಯಾವ ಫೋಲ್ಡರಿನ ಚೀಟಿ ಬಳಕೆಯಾಗುತ್ತಿದೆ ಎಂದು ನೋಡಿ.

ಕರ್ನಲ್ ಸತ್ತಿತು, ಮತ್ತೆ ಆರಂಭವಾಗುತ್ತಿದೆ ಎಂಬ ಸಂದೇಶ ಭಾರೀ ದತ್ತಾಂಶ ತೆರೆದಾಗಲೇ ಬಂದರೆ ಮೆಮೊರಿಯ ಮೇಲೆ ಅನುಮಾನ ಪಡಿ. ‘ಜರ್ನಲ್‌ಸಿಟಿಎಲ್ -ಕೆ’ ಕೊಟ್ಟು ‘ಔಟ್ ಆಫ್ ಮೆಮೊರಿ’ ಎಂಬ ಸಾಲಿದೆಯೇ ಹುಡುಕಿ. ಇದ್ದರೆ ಕೊಂದದ್ದು ಲಿನಕ್ಸೇ, ಪ್ಯಾಕೇಜಿನ ತಪ್ಪಲ್ಲ. ಪುಟ ತೆರೆದರೂ ಕರ್ನಲ್ ‘ಕನೆಕ್ಟಿಂಗ್’ ಎಂದೇ ನಿಂತು, ನಡುವೆ ಎನ್‌ಜಿನ್ಎಕ್ಸ್‌ನಂಥ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಇದ್ದರೆ, ಅದು ವೆಬ್‌ಸಾಕೆಟ್‌ಗೆ (ಬ್ರೌಸರಿಗೂ ಸರ್ವರಿಗೂ ನಡುವೆ ತೆರೆದೇ ಇರುವ ಸಂಪರ್ಕ) ಬೇಕಾದ ‘ಅಪ್‌ಗ್ರೇಡ್’ ಹೆಡರ್ ದಾಟಿಸುತ್ತಿಲ್ಲ ಎಂದು ಊಹಿಸಬಹುದು. ಇದಾವುದೂ ಅಲ್ಲವೆಂದಾದರೆ ಟರ್ಮಿನಲ್‌ನಿಂದಲೇ ‘--ಡೀಬಗ್’ ಸೇರಿಸಿ ಓಡಿಸಿ, ಮೊದಲ ದೋಷದ ಸಾಲನ್ನು ಓದಿ. ಕೊನೆಯದನ್ನಲ್ಲ, ಕೊನೆಯ ಸಾಲುಗಳು ಬಹುತೇಕ ಮೊದಲನೆಯದರ ಮರಿಗಳು.

ಇನ್ನು, ಪ್ಯಾಕೇಜ್ ತೆಗೆದುಹಾಕಿದರೂ ಬಳಕೆದಾರರು ತಾವೇ ‘--ಯೂಸರ್’ ಎಂದು ಸೇರಿಸಿದ ಕರ್ನಲ್ ಚೀಟಿಗಳು ಅವರ ಹೋಮ್ ಫೋಲ್ಡರಿನಲ್ಲಿ ಹಾಗೆಯೇ ಉಳಿಯುತ್ತವೆ. ಅವುಗಳನ್ನು ‘ಜುಪಿಟರ್ ಕರ್ನಲ್‌ಸ್ಪೆಕ್ ಅನ್‌ಇನ್‌ಸ್ಟಾಲ್’ ಎಂದು ಹೆಸರು ಕೊಟ್ಟು ಅವರೇ ಅಳಿಸಬೇಕು. ಪ್ಯಾಕೇಜಿನ ಸ್ಕ್ರಿಪ್ಟ್ ಬೇರೆಯವರ ಹೋಮ್ ಫೋಲ್ಡರಿಗೆ ಕೈ ಹಾಕಬಾರದು.