ಸಾವ್ಕಾರರ ಮೆಸೇಜೇ ಬಂದರೂ ದುಡ್ಡು ಹಾಕಬೇಡಿ

ಗಂಗಾವತಿಯ ಕೆಲವು ರೈಸ್ ಮಿಲ್ಲುಗಳ ಆಫೀಸಿನಲ್ಲಿ ಕಂಪ್ಯೂಟರ್, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ನೆಟ್ಟು ನೋಡಿಕೊಳ್ಳುವುದು ನನ್ನ ಕೆಲಸ. "ನಮ್ಮಂಥ ಊರಿಗೆ ಯಾವ ಹ್ಯಾಕರ್ ಬರ್ತಾನ್ರೀ" ಅನ್ನುವ ಮಾತು ಕೇಳದ ಮಿಲ್ಲಿಲ್ಲ. ಅವನು ಬರಬೇಕಾಗಿಲ್ಲ. ಮದುವೆ ಕಾರ್ಡ್ ಅಂತ ವಾಟ್ಸಾಪಿಗೆ ಒಂದು ಎಪಿಕೆ ಫೈಲ್, ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್, ಕಳಿಸುತ್ತಾನೆ. ಇನ್‌ಸ್ಟಾಲ್ ಮಾಡಿ ಕೇಳಿದ್ದಕ್ಕೆಲ್ಲ ಅಲೌ ಒತ್ತಿದರೆ ಆ ಫೋನಿನ ಒಟಿಪಿ ಅವನ ಕೈಗೂ ಹೋಗುತ್ತದೆ.

ಆದರೆ ಮಿಲ್ಲಿಗೆ ದೊಡ್ಡ ಹೊಡೆತ ಬೀಳುವುದು ಬ್ಯಾಂಕಿನಿಂದ ಬ್ಯಾಂಕಿಗೆ ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್‌ನಲ್ಲಿ. ಚೀಲದ ವ್ಯಾಪಾರಿಯ ಹೆಸರಲ್ಲಿ "ನಮ್ಮ ಅಕೌಂಟ್ ಬದಲಾಗಿದೆ" ಅಂತ ಮೇಲ್ ಬರುತ್ತದೆ. ಇಲ್ಲವೇ ಸಾವ್ಕಾರರ, ಅಂದರೆ ಮಿಲ್ ಮಾಲೀಕರ, ಫೋಟೊ ಇಟ್ಟುಕೊಂಡ ಹೊಸ ನಂಬರಿನಿಂದ "ಮೀಟಿಂಗ್‌ನಲ್ಲಿದ್ದೀನಿ, ಈ ಅಕೌಂಟಿಗೆ ಹಾಕು" ಅಂತ ಮೆಸೇಜು. ಗುಮಾಸ್ತ ತಿರುಗಿ ಕೇಳುವುದಿಲ್ಲ. ಸಾವ್ಕಾರರು ಹೇಳಿದ ಮೇಲೆ ಮುಗಿಯಿತು, ಪ್ರಶ್ನೆ ಹಾಕುವ ರೂಢಿಯೇ ನಮ್ಮ ಕಡೆ ಇಲ್ಲ. ಕಳ್ಳನಿಗೆ ಬೇಕಾದದ್ದೂ ಇದೇ ಭಯಭಕ್ತಿ.

ಹಾಗಾಗಿ ನಾನು ನಿಯಮ ಮಾಡಿದೆ: ಹೊಸ ಅಕೌಂಟ್ ನಂಬರ್ ಯಾರಿಂದ ಬಂದರೂ, ಮೊದಲಿಂದ ಬರೆದಿಟ್ಟಿರುವ ನಂಬರಿಗೆ ಫೋನ್ ಮಾಡಿ ದನಿ ಕೇಳದೆ ದುಡ್ಡು ಹಾಕುವಂತಿಲ್ಲ. ಒಬ್ಬ ಸಾವ್ಕಾರರು ಸಿಟ್ಟಾದರು. "ನನ್ನ ಮಾತಿಗೂ ಬೆಲಿ ಇಲ್ಲೇನು ನಿಮ್ ಆಫೀಸ್‌ನ್ಯಾಗ?"

"ಸಾವ್ಕಾರ್ರೇ, ನೀವ ಒಮ್ಮೆ ನೋಡ್ರಿ" ಅಂದೆ. ಅವರ ಒಪ್ಪಿಗೆ ಪಡೆದು, ನನ್ನ ಎರಡನೇ ಸಿಮ್ಮಿನ ವಾಟ್ಸಾಪಿಗೆ ಅವರದೇ ಫೋಟೊ ಹಾಕಿ, ಹೊರಗೆ ಕೂತ ಗುಮಾಸ್ತನಿಗೆ ಒಂದು ಅಕೌಂಟ್ ನಂಬರ್ ಕಳಿಸಿದೆ. ಆತ ಚಹಾ ಕೆಳಗಿಟ್ಟು ನೆಟ್ ಬ್ಯಾಂಕಿಂಗ್ ತೆರೆದ. ಕ್ಯಾಬಿನ್ನಿನ ಗಾಜಿನಾಚೆಯಿಂದ ಸಾವ್ಕಾರರು ನೋಡುತ್ತಲೇ ಇದ್ದರು. ಕೊನೆಗೆ ಅವರೇ ಎದ್ದು ಹೋಗಿ, "ಲೇ ತಮ್ಮಾ, ಬಿಡು. ಇನ್ಮ್ಯಾಲ ನಾನ ಹೇಳಿದ್ರೂ ಫೋನ್ ಮಾಡು" ಅಂದರು. ಆ ಮಾತು ಅವರ ಬಾಯಿಂದಲೇ ಬರಬೇಕಿತ್ತು; ನಾನು ನೂರು ಸಲ ಹೇಳಿದ್ದರೂ ಗುಮಾಸ್ತನಿಗೆ ಧೈರ್ಯ ಬರುತ್ತಿರಲಿಲ್ಲ.

ಆರ್‌ಟಿಜಿಎಸ್ 2 ಲಕ್ಷದಿಂದ ಮೇಲಿನ ಮೊತ್ತಕ್ಕೆ. ಒಮ್ಮೆ ಜಮಾ ಆದರೆ ನಮ್ಮ ಕಡೆಯಿಂದ ರದ್ದು ಮಾಡಲು ಬರುವುದಿಲ್ಲ. ಖಾತೆದಾರರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಆ ಹೆಸರು ಓದಿ ಅಂತ ಗುಮಾಸ್ತರಿಗೆ ಕಲಿಸಿದ್ದೇನೆ. ಅಷ್ಟಾದರೂ ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ದುಡ್ಡು ಖಾತೆಯಿಂದ ಖಾತೆಗೆ ಜಿಗಿದು ಡ್ರಾ ಆಗುವ ಮೊದಲು ತಡೆಯಲು ಆ ಸಹಾಯವಾಣಿ ಇರುವುದು, ನಾಳೆ ನೋಡೋಣ ಅಂದರೆ ಉಪಯೋಗವಿಲ್ಲ.

ಬ್ಯಾಕಪ್ ವಿಷಯ ಸರಳ. ಎರಡು ಹಾರ್ಡ್ ಡಿಸ್ಕ್, ಒಂದು ವಾರ ಇದು, ಮರುವಾರ ಅದು. ಟ್ಯಾಲಿ ಡೇಟಾ ನಕಲಾದ ಕೂಡಲೇ ಕೇಬಲ್ ಕಿತ್ತು ಬೀರುವಿಗೆ. ಚುಚ್ಚಿಯೇ ಬಿಟ್ಟರೆ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ರಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ. ಆಗಾಗ ಬೇರೆ ಕಂಪ್ಯೂಟರಿನಲ್ಲಿ ಆ ಡೇಟಾ ತೆರೆದು ಕೊನೆಯ ಬಿಲ್ ನಂಬರ್ ತಾಳೆ ನೋಡುತ್ತೇನೆ. ಲಾರಿ ತೂಗುವ ವೇ ಬ್ರಿಡ್ಜ್ ಕಂಪ್ಯೂಟರಿನ ಸಾಫ್ಟ್‌ವೇರ್ ಹಳೆಯದು, ವಿಂಡೋಸ್ 10 ಬಿಡುವಂತಿಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ನೆಟ್ಟೇ ತೆಗೆದೆ. ಲಾರಿ ಡ್ರೈವರ್ ಬರುವವರೆಗೆ ಅದರಲ್ಲಿ ಯೂಟ್ಯೂಬ್ ನೋಡುತ್ತಿದ್ದ ಹುಡುಗನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ.

ಬಗೆಹರಿಯದ ತಲೆನೋವು ಅಂದರೆ ವಾಟ್ಸಾಪ್ ಗ್ರೂಪು. ರೈತರ ಆಧಾರ್, ಪಾಸ್‌ಬುಕ್, ಹಮಾಲರ ಫೋಟೊ ಎಲ್ಲ ಅಲ್ಲಿಗೇ ಬೀಳುತ್ತವೆ. ಕೆಲಸ ಬಿಟ್ಟುಹೋದವರೂ ಗ್ರೂಪಿನಲ್ಲೇ ಇದ್ದಾರೆ. ಜನರ ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ ಎಂದಾಗ ನಕ್ಕವರೇ ಹೆಚ್ಚು. "ನಿಮ್ಮ ಮನೆಯವರ ಆಧಾರ್ ಹಾಕ್ತೀರೇನು ಇದರಾಗ?" ಅಂದಾಗ ಮಾತ್ರ ಸುಮ್ಮನಾದರು. ಕೆಲವರು ಗ್ರೂಪ್ ತೆಗೆದು, ಪಾಸ್‌ವರ್ಡ್ ಹಾಕಿದ ಒಂದೇ ಕಂಪ್ಯೂಟರಿಗೆ ಕಾಗದಪತ್ರ ಸಾಗಿಸಿದ್ದಾರೆ. ಉಳಿದವರು ಸುಗ್ಗಿ ಮುಗಿಯಲಿ ಅನ್ನುತ್ತಿದ್ದಾರೆ.