ಕಡಲೆ, ತೊಗರಿ ಸೊರಗುವ ಮೊದಲೇ ಟ್ರೈಕೋಡರ್ಮಾ

ಹೂವಾಡುವ ಹೊತ್ತಿಗೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ನಿಂತಲ್ಲೇ ಒಣಗಿದಾಗ ಬಹಳ ಜನಕ್ಕೆ ಟ್ರೈಕೋಡರ್ಮಾ (ಬೇರಿನ ರೋಗ ತಡೆಯಲು ಮಣ್ಣಿಗೆ, ಬೀಜಕ್ಕೆ ಸೇರಿಸುವ ಜೈವಿಕ ಪುಡಿ) ನೆನಪಾಗುತ್ತದೆ. ಆಗ ಪ್ಯಾಕೆಟ್ ತಂದು ಬುಡಕ್ಕೆ ಸುರಿದರೆ ದುಡ್ಡು ದಂಡ. ಇದು ಬಿತ್ತನೆಗೆ ಎರಡು ವಾರ ಮೊದಲೇ, ತಿಪ್ಪೆಯ ಪಕ್ಕದಲ್ಲಿ ಶುರುವಾಗಬೇಕಾದ ಕೆಲಸ.

ಒಣಗಿದ್ದೆಲ್ಲ ಸೊರಗು ರೋಗವಲ್ಲ. ಬಾಡುತ್ತಿರುವ ಒಂದು ಗಿಡ ಕಿತ್ತು, ಬುಡದ ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ. ಬೇರು ಮೇಲುನೋಟಕ್ಕೆ ಚೆನ್ನಾಗಿದ್ದು, ಒಳಗೆ ಕಂದು-ಕಪ್ಪು ಗೆರೆ ಓಡಿದ್ದರೆ ಅದು ಸೊರಗು. ತೊಗರಿಯಲ್ಲಾದರೆ ಹೊರಗೂ ಬುಡದಿಂದ ಮೇಲಕ್ಕೆ ನೇರಳೆ ಛಾಯೆಯ ಪಟ್ಟಿ ಏರಿರುತ್ತದೆ. ಕೆಲವೊಮ್ಮೆ ಒಂದು ಮಗ್ಗುಲಿನ ರೆಂಬೆಗಳಷ್ಟೇ ಒಣಗುತ್ತವೆ. ಕಡಲೆ ಗಿಡ ಎಳೆದಾಗ ತಾಯಿಬೇರು ಲಟ್ಟನೆ ಮುರಿದು, ಪಕ್ಕದ ಬೇರುಗಳೇ ಇಲ್ಲದಿದ್ದರೆ ಅದು ಒಣ ಬೇರು ಕೊಳೆ. ಬಿಸಿಲು ಏರಿ ತೇವ ಆರಿದಾಗ ಅದರ ಕಾಟ ಹೆಚ್ಚು.

ಸೊರಗಿಗೆ ಕಾರಣ ಫ್ಯುಸೇರಿಯಂ ಶಿಲೀಂಧ್ರ. ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಕಡಲೆಗೆ ಬರುವ ಫ್ಯುಸೇರಿಯಂ ಬೆಳೆ ಇಲ್ಲದಿದ್ದರೂ ಮಣ್ಣಿನಲ್ಲಿ 6 ವರ್ಷದವರೆಗೆ ಜೀವ ಹಿಡಿದಿರಬಲ್ಲದು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಆದರೆ ಬೆಳೆಯುವ ವೇಗ ಜಾಸ್ತಿ. ಬೇರಿನ ಸುತ್ತ ಮೊದಲು ಜಾಗ ಹಿಡಿಯುತ್ತದೆ, ರೋಗದ ಎಳೆಗಳಿಗೆ ಸುತ್ತಿಕೊಂಡು ಅವುಗಳ ಗೋಡೆ ಕರಗಿಸಿ ತಿನ್ನುತ್ತದೆ. ರೋಗ ಒಳಹೊಕ್ಕ ಮೇಲೆ ಅದಕ್ಕೆ ಅಲ್ಲಿ ಕೆಲಸವಿಲ್ಲ.

ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಿ, ಆದಷ್ಟು ಹೊಸದನ್ನೇ ಕೇಳಿ. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಕಣ ಇರಬೇಕು. ಬಿಸಿಲಿಗೆ ಬಿದ್ದ ಪ್ಯಾಕೆಟ್ ಬೇಡ. ರೈತ ಸಂಪರ್ಕ ಕೇಂದ್ರದಲ್ಲೋ, ಹಿರಿಯೂರಿನ ಬಬ್ಬೂರು ಫಾರ್ಮಿನ ಕೃಷಿ ಸಂಶೋಧನಾ ಕೇಂದ್ರದಲ್ಲೋ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ.

ಇನ್ನು ಗೊಬ್ಬರ. ಎಕರೆಗೆ 90 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 10 ಕೆ.ಜಿ. ಬೇವಿನ ಹಿಂಡಿ, 1 ಕೆ.ಜಿ. ಟ್ರೈಕೋಡರ್ಮಾ. ಹಸಿ ಸಗಣಿ ಬೇಡವೇ ಬೇಡ, ಅದರ ಕಾವಿಗೇ ಟ್ರೈಕೋಡರ್ಮಾ ಸಾಯುತ್ತದೆ. ಮರದ ನೆರಳಲ್ಲಿ ಮೂರನ್ನೂ ಕಲಸಿ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಒಸರಬಾರದು. ಒದ್ದೆ ಗೋಣಿಚೀಲ ಹೊದಿಸಿ, ಮೂರು-ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿ. ಮೊದಲು ಬಿಳಿ ಬೂಸ್ಟು ಕಾಣುತ್ತದೆ, ಆಮೇಲೆ ಹಸಿರು ತಿರುಗುತ್ತದೆ. ಬೂಸ್ಟು ಹಿಡಿಯಿತೆಂದು ಎಸೆಯಬೇಡಿ, ನಮಗೆ ಬೇಕಾದದ್ದೇ ಅದು. ಎರಡು ವಾರಕ್ಕೆ ಗೊಬ್ಬರ ತಯಾರು. ಕೊನೆಯ ಕುಂಟೆ ಹೊಡೆಯುವ ಮುನ್ನ, ಹೊಲದಲ್ಲಿ ತೇವವಿದ್ದಾಗ, ಸಂಜೆ ಹೊತ್ತು ಚೆಲ್ಲಿ ಮಣ್ಣಿಗೆ ಸೇರಿಸಿ. ಡಿಎಪಿಯಂಥ ರಾಸಾಯನಿಕ ಗೊಬ್ಬರದ ಜೊತೆ ಕಲಸಬೇಡಿ.

ಬೀಜೋಪಚಾರಕ್ಕೆ ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ. ಎಕರೆಗೆ 25 ಕೆ.ಜಿ. ಕಡಲೆ ಬಿತ್ತುವವರಿಗೆ 100 ಗ್ರಾಂ ಸಾಕು. ತೆಳು ಬೆಲ್ಲದ ನೀರನ್ನು ಅಂಟುವಷ್ಟೇ ಚಿಮುಕಿಸಿ. ಹೆಚ್ಚಾದರೆ ಕಡಲೆಯ ಸಿಪ್ಪೆ ಸುಲಿಯುತ್ತದೆ. ಮೊದಲು ಟ್ರೈಕೋಡರ್ಮಾ, ಕೊನೆಗೆ ರೈಜೋಬಿಯಂ (ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ). ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿ.

ಅಂಗಡಿಯಲ್ಲಿ ಟ್ರೈಕೋಡರ್ಮಾ ಜೊತೆಗೇ ಶಿಲೀಂಧ್ರ ಕೊಲ್ಲುವ ರಾಸಾಯನಿಕ ಕಾರ್ಬೆಂಡಾಜಿಮ್‌ನ ಪೊಟ್ಟಣವನ್ನೂ ಕಟ್ಟಿಕೊಡುವುದುಂಟು. ಎರಡನ್ನೂ ಒಂದೇ ಬೀಜಕ್ಕೆ ಹಚ್ಚಿದರೆ ಕಾಸು ಕೊಟ್ಟು ತಂದ ಜೀವವನ್ನು ನಾವೇ ಕೊಂದಂತೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಕಳೆದ ಸಲ ತುಂಬಾ ಗಿಡ ಹೋದ ಹೊಲಕ್ಕೆ ಟ್ರೈಕೋಡರ್ಮಾ ಒಂದನ್ನೇ ನಂಬಿ ಮತ್ತೆ ಅದೇ ಬೆಳೆ ಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ. ಕೆಲವು ವರ್ಷ ಜೋಳಕ್ಕೆ ಬಿಡಿ. ಬಿತ್ತಲೇಬೇಕೆಂದರೆ ಸೊರಗು ತಡೆಯುವ ತಳಿ ಹಿಡಿಯಿರಿ: ಕಡಲೆಯಲ್ಲಿ ಜೆಜಿ-11, ತೊಗರಿಯಲ್ಲಿ ಟಿಎಸ್-3ಆರ್. ನಡುವೆ ಬಾಡಿದ ಗಿಡ ಕಂಡರೆ ಬೇರುಸಮೇತ ಕಿತ್ತು ಸುಡಿ, ತಿಪ್ಪೆಗೆ ಹಾಕಬೇಡಿ.