ಹಳೆಯ ಪ್ರೊಪೆಲ್ಲರಿನ ಮಾಸಿದ ಅಚ್ಚು ಓದಿದ್ದು ಹೀಗೆ

ಕಾಸರಗೋಡಿನ ಮನೆಯೊಂದರ ಗೋಡೆಯಲ್ಲಿದ್ದ ಬ್ರಿಟಿಷ್ ಕಾಲದ ವಿಮಾನದ ಮರದ ಪ್ರೊಪೆಲ್ಲರ್. ನಡುಭಾಗದಲ್ಲಿ ಒತ್ತಿದ ಅಕ್ಷರಗಳ ಅಚ್ಚಿನ ಮೇಲೆ ದಪ್ಪ ವಾರ್ನಿಷ್. ಆಚಾರಿ ಸ್ಯಾಂಡ್ ಪೇಪರ್ ತೆಗೆದರು. ಬೇಡವೆಂದೆ, ಉಜ್ಜಿದರೆ ಅಚ್ಚೇ ಮಾಯ. ಕತ್ತಲಲ್ಲಿ ಟಾರ್ಚನ್ನು ಮರಕ್ಕೆ ತಾಗಿಸಿದಂತೆ ಅಡ್ಡ ಹಿಡಿದರೆ ಸಾಕು, ನೆರಳಿನಿಂದ ಅಕ್ಷರ ಕಾಣುತ್ತದೆ. ತೆಳು ಕಾಗದ ಇಟ್ಟು ಮೆತ್ತನೆ ಪೆನ್ಸಿಲ್ ಉಜ್ಜಿದಾಗ ಉಳಿದದ್ದೂ ಮೂಡಿತು.

'ಡಿಆರ್‌ಜಿ' ಎಂದರೆ ಡ್ರಾಯಿಂಗ್, ಅಂದರೆ ವಿನ್ಯಾಸದ ನಕ್ಷೆಯ ಸಂಖ್ಯೆ. 'ಎಐಡಿ' ಬ್ರಿಟನ್ನಿನ ವಿಮಾನ ತಪಾಸಣಾ ಇಲಾಖೆಯ ಮುದ್ರೆ, ತಯಾರಕರ ಹೆಸರಲ್ಲ (ಮಾರುವವರೂ ಇಲ್ಲಿ ಎಡವುತ್ತಾರೆ). 'ಡಿ 2500' ಎಂದರೆ ತುದಿಯಿಂದ ತುದಿಗೆ ವ್ಯಾಸ, ಮಿ.ಮೀ.ಯಲ್ಲಿ. 'ಪಿ' ಎಂದರೆ ಪಿಚ್, ಜಾರದೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ.

ತೊಡಕಿದ್ದದ್ದು ಪಿಚ್‌ನಲ್ಲಿ: 2050ಯೋ, 2650ಯೋ? ಕೇಂದ್ರದಿಂದ 900 ಮಿ.ಮೀ. ದೂರದಲ್ಲಿ ಅಲಗಿನ ಚಪ್ಪಟೆ ಮುಖದ ಓರೆ 20 ಡಿಗ್ರಿ. ಅಲ್ಲಿನ ಸುತ್ತಳತೆಯನ್ನು ಓರೆಯ ಟ್ಯಾನ್‌ನಿಂದ ಗುಣಿಸಿದರೆ ಪಿಚ್: 2 × 3.14 × 900 × ಟ್ಯಾನ್ 20 = ಸುಮಾರು 2057. ಓರೆ ಒಂದು ಡಿಗ್ರಿ ತಪ್ಪಿದರೂ ವ್ಯತ್ಯಾಸ ಸುಮಾರು 110 ಮಿ.ಮೀ. ಮಾತ್ರ, ಹಾಗಾಗಿ 2050.